ಮರದ ಪೆನ್ನು ಕಡೆಯುವವರಿಗೆ: ಯಾವ ಕಿಟ್, ಯಾವ ಮರ, ಯಾವ ಪಾಲಿಶ್?

ಲೇತ್‌ನಲ್ಲಿ ಮರದ ಪೆನ್ನು ಮಾಡಬೇಕು ಅಂತ ಹೊರಟವರು ಮೊದಲು ಕೇಳುವುದು ಯಾವ ಲೇತ್ ತಗೊಳ್ಳಲಿ ಅಂತ. ಆಮೇಲೆ ಮರ ಯಾವುದು ಚೆನ್ನ ಅಂತ. ರೀಫಿಲ್ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಅಲ್ಲಿಂದಲೇ ಶುರು ಮಾಡಬೇಕು. ಪೆನ್ನು ಎಷ್ಟೇ ಚಂದ ಇರಲಿ, ಇಂಕು ಮುಗಿದ ಮೇಲೆ ರೀಫಿಲ್ ಸಿಗದಿದ್ದರೆ ಅದು ಶೋಕೇಸ್ ಸೇರುತ್ತದೆ, ಅಷ್ಟೇ. ರೀಫಿಲ್ ಯಾವುದು ಅಂತ ತೀರ್ಮಾನವಾದರೆ ಕಿಟ್ ತೀರ್ಮಾನವಾಯಿತು. ಕಿಟ್ ತೀರ್ಮಾನವಾದರೆ ಡ್ರಿಲ್ ಬಿಟ್, ಬುಶ್ (ಮರ ಎಷ್ಟು ದಪ್ಪಕ್ಕೆ ಕಡೆಯಬೇಕು ಅಂತ ತೋರಿಸಲು ತುಂಡಿನ ತುದಿಗಳಿಗೆ ಹಾಕುವ ಲೋಹದ ಬಳೆ), ಮರದ ತುಂಡಿನ ಅಳತೆ ಎಲ್ಲವೂ ಅದರ ಹಿಂದೆಯೇ ಬರುತ್ತವೆ. ಲೇತ್ ಕೊನೆಗೆ.

ಹೊಸಬರಿಗೆ ಒಂದು ಮಾತು. ಕಿಟ್ ಅಂದರೆ ಪೆನ್ನಿನ ಲೋಹದ ಭಾಗಗಳು: ಮೂತಿ, ತಿರುಗಿಸುವ ಮೆಕ್ಯಾನಿಸಂ, ಕ್ಲಿಪ್, ನಡುಪಟ್ಟಿ, ಹಿತ್ತಾಳೆ ಟ್ಯೂಬು, ರೀಫಿಲ್. ನಿಮ್ಮ ಕೆಲಸ ಇಷ್ಟು. ಚೌಕ ಮರದ ತುಂಡಿಗೆ ಉದ್ದಕ್ಕೂ ತೂತು ಕೊರೆದು, ಟ್ಯೂಬನ್ನು ಒಳಗೆ ಅಂಟಿಸಿ, ತುದಿಗಳನ್ನು ಸಮ ಮಾಡಿ, ಲೇತ್‌ಗೆ ಹಾಕಿ ಕಡೆದು, ಪಾಲಿಶ್ ಮಾಡಿ, ಲೋಹದ ಭಾಗಗಳನ್ನು ಒತ್ತಿ ಕೂರಿಸುವುದು. ಅಂಟು ಒಣಗುವ ಹೊತ್ತು ಬಿಟ್ಟರೆ ಒಂದು ಸಂಜೆಯ ಕೆಲಸ. ಆಯ್ಕೆಗಳೇ ತಲೆ ತಿನ್ನುವುದು.

ಕಿಟ್: ನಾಲ್ಕು ಜಾತಿ

ಸ್ಲಿಮ್‌ಲೈನ್ ಅನ್ನುವುದು ಎಲ್ಲಕ್ಕಿಂತ ಅಗ್ಗ. ಹೊಸಬರಿಗೆ ಎಲ್ಲರೂ ಹೇಳುವುದು ಇದನ್ನೇ. 7 ಎಂಎಂ ಡ್ರಿಲ್ ಬಿಟ್ ಸಾಕು, ಅದು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಕೆಟ್ಟರೂ ಹೆಚ್ಚು ನಷ್ಟ ಇಲ್ಲ. ಆದರೆ ಇದಕ್ಕೆ ಹೋಗುವುದು ಕ್ರಾಸ್ ಅನ್ನುವ ಕಂಪನಿಯ ಮಾದರಿಯ ತೆಳು ರೀಫಿಲ್. ಬೆಂಗಳೂರಿನಲ್ಲಿ ಹುಡುಕಿದರೆ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಸಣ್ಣ ಊರಿನ ಪುಸ್ತಕದ ಅಂಗಡಿಯಲ್ಲಿ ಕೇಳಿ ನೋಡಿ, "ಪಾರ್ಕರ್ ಇದೆ ಸಾರ್, ಕೊಡ್ಲಾ?" ಅಂತಾರೆ. ಪಾರ್ಕರ್ ರೀಫಿಲ್ ಇದರೊಳಗೆ ಹೋಗುವುದಿಲ್ಲ. ನಿವೃತ್ತರಾದ ಮೇಷ್ಟ್ರಿಗೆ ಸ್ಲಿಮ್‌ಲೈನ್ ಪೆನ್ನು ಉಡುಗೊರೆ ಕೊಟ್ಟರೆ, ಇಂಕು ಮುಗಿದ ದಿನ ಅವರು ನಿಮಗೇ ಫೋನ್ ಮಾಡಬೇಕಾಗುತ್ತದೆ.

ಇನ್ನೊಂದು ಸಂಗತಿ. ಸುಲಭ ಅಂತ ಹೆಸರಾದರೂ ಸ್ಲಿಮ್‌ಲೈನ್‌ನಲ್ಲಿ ಮರ ಉಳಿಯುವುದೇ ಕಡಿಮೆ. ಟ್ಯೂಬಿನ ಅಗಲ ಸುಮಾರು 7 ಎಂಎಂ, ಬುಶ್ಶಿನದು ಸುಮಾರು 8.3 ಎಂಎಂ. ಅಂದರೆ ತುದಿಯಲ್ಲಿ ಹಿತ್ತಾಳೆಯ ಮೇಲೆ ನಿಲ್ಲುವ ಮರ ಮುಕ್ಕಾಲು ಮಿಲಿಮೀಟರ್‌ಗೂ ಕಡಿಮೆ. ಉಳಿ ಒಮ್ಮೆ ಜಾರಿದರೆ ಹಿತ್ತಾಳೆ ಕಾಣುತ್ತದೆ. ಜೊತೆಗೆ ಎರಡು ಟ್ಯೂಬು ಇರುವುದರಿಂದ ಮೇಲಿನ ಮತ್ತು ಕೆಳಗಿನ ಮರದ ಎಳೆ ಹೊಂದಿಸುವ ತಾಪತ್ರಯವೂ ಇದೆ. ತುಂಡನ್ನು ಎರಡು ಮಾಡುವ ಮೊದಲೇ ಕೊಯ್ಯುವ ಜಾಗವನ್ನು ದಾಟುವಂತೆ ಪೆನ್ಸಿಲ್ ಗೆರೆ ಎಳೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಯಾವ ತುದಿ ಯಾವುದಕ್ಕೆ ಅಂತ ಆಮೇಲೆ ತಿಳಿಯುವುದಿಲ್ಲ.

ಹಾಗಾಗಿ ಮೊದಲ ಪೆನ್ನಿಗೆ ನಾನು ಹೇಳುವುದು ಸಿಯೆರಾ. ವಾಲ್‌ಸ್ಟ್ರೀಟ್ ಅನ್ನುವ ಹೆಸರಲ್ಲೂ ಹೆಚ್ಚುಕಡಿಮೆ ಇದೇ ಮಾದರಿ ಸಿಗುತ್ತದೆ. ಒಂದೇ ಟ್ಯೂಬು. ಒಂದೇ ತೂತು, ಒಂದೇ ಅಂಟು, ಒಂದೇ ಕಡೆತ. ಕೆಳಗಿನ ಅರ್ಧ ಪೂರ್ತಿ ಲೋಹ, ಮೇಲಿನ ಅರ್ಧ ನಿಮ್ಮ ಮರ. ಎಳೆ ಹೊಂದಿಸುವ ಗೋಜು ಇಲ್ಲ. ಪಾರ್ಕರ್ ಮಾದರಿಯ ರೀಫಿಲ್ ಹೋಗುತ್ತದೆ. ಅದನ್ನು ಜಿ2 ಮಾದರಿ ಅಂತಲೂ ಕರೆಯುತ್ತಾರೆ, ಬಾಲ್ ಪೆನ್ನಿನದೂ ಇದೆ, ಜೆಲ್‌ನದೂ ಇದೆ. ಇದರಲ್ಲಿ ಕಿರಿಕಿರಿ ಒಂದೇ, ಡ್ರಿಲ್ ಬಿಟ್ಟಿನ ಅಳತೆ. ಬೇಕಾಗಿರುವುದು 27/64 ಇಂಚು, ಸುಮಾರು 10.7 ಎಂಎಂ. ಊರಿನ ಅಂಗಡಿಯವರು "ಹತ್ತೂವರೆ ತಗೊಳ್ಳಿ, ಇಲ್ಲಾ ಹನ್ನೊಂದು ತಗೊಳ್ಳಿ" ಅಂತಾರೆ. ಎರಡೂ ಬೇಡ. ಹತ್ತೂವರೆಯಲ್ಲಿ ಟ್ಯೂಬು ಹೋಗದು, ಹನ್ನೊಂದರಲ್ಲಿ ಲೊಡಲೊಡ ಅನ್ನುತ್ತದೆ. ಕಿಟ್ ಮಾರುವವರ ಹತ್ತಿರವೇ ಬಿಟ್ಟನ್ನೂ ತರಿಸಿಕೊಳ್ಳಿ.

ಸಿಗಾರ್ ಕಿಟ್ ದಪ್ಪ ಪೆನ್ನು. 10 ಎಂಎಂ ತೂತು, ಎರಡು ಟ್ಯೂಬು, ಪಾರ್ಕರ್ ರೀಫಿಲ್. ಬೆರಳು ನೋಯುವ ಹಿರಿಯರಿಗೆ, ದೊಡ್ಡ ಕೈಯವರಿಗೆ ಇದು ಹಿಡಿಯಲು ಹಿತ. ಮರವೂ ಚೆನ್ನಾಗಿ ಕಾಣುತ್ತದೆ. ಆದರೆ ಬುಶ್ಶುಗಳ ಅಳತೆ ಬೇರೆಬೇರೆ. ಮೂತಿಗೊಂದು, ನಡುವಿಗೊಂದು, ತಲೆಗೊಂದು. ಅದಲುಬದಲು ಮಾಡಿ ಕಡೆದರೆ ಜೋಡಿಸುವಾಗ ಮರ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗಿರುತ್ತದೆ. ಬುಶ್ಶಿನ ಮೇಲೆ ಮಾರ್ಕರ್‌ನಲ್ಲಿ ನಂಬರ್ ಬರೆದಿಟ್ಟರೆ ಈ ತೊಂದರೆ ಇಲ್ಲ.

ರೋಲರ್‌ಬಾಲ್ ಮತ್ತು ಫೌಂಟನ್ ಪೆನ್ ಕಿಟ್‌ಗಳು ನೋಡಲು ಶ್ರೀಮಂತ. ಬೆಲೆಯೂ ಹಾಗೇ. ಕ್ಯಾಪಿಗೊಂದು, ಮೈಗೊಂದು ಬೇರೆಬೇರೆ ಡ್ರಿಲ್ ಬಿಟ್ ಬೇಕು. ಇವೆರಡರಲ್ಲಿ ನನ್ನ ಮತ ಫೌಂಟನ್‌ಗೆ. ರೋಲರ್‌ಬಾಲ್ ರೀಫಿಲ್ ಸಣ್ಣ ಊರಲ್ಲಿ ಸುಲಭಕ್ಕೆ ಸಿಗದು. ಕ್ಯಾಪ್ ಹಾಕಲು ಮರೆತರೆ ಒಣಗಿಯೂ ಹೋಗುತ್ತದೆ. ಫೌಂಟನ್ ಪೆನ್ನಿಗಾದರೆ ಕನ್ವರ್ಟರ್ (ಬಾಟಲಿಯಿಂದ ಇಂಕು ಎಳೆದುಕೊಳ್ಳುವ ಪುಟ್ಟ ಕೊಳವೆ) ಹಾಕಿ, ಒಂದು ಕ್ಯಾಮ್ಲಿನ್ ಇಂಕು ಬಾಟಲಿ ಕೊಟ್ಟರೆ ವರ್ಷ ಕಳೆಯುತ್ತದೆ. ಅಗ್ಗದ ಕಿಟ್‌ನ ನಿಬ್ಬು ಮಾತ್ರ ಕಾಗದ ಕೆರೆಯುತ್ತದೆ, ಅದನ್ನು ಬದಲಿಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಇಂಕಿನಲ್ಲಿ ಬರೆದು ಅಭ್ಯಾಸ ಇರುವವರಿಗೆ ಮಾತ್ರ ಇದನ್ನು ಕೊಡಿ. ಉಳಿದವರಿಗೆ ಕೊಟ್ಟರೆ ಅಂಗಿ ಜೇಬಿಗೆ ನೀಲಿ ಬಣ್ಣ, ನಿಮಗೆ ಬೈಗುಳ.

ಲೋಹದ ಲೇಪನದ ಬಗ್ಗೆಯೂ ಒಂದು ಮಾತು. ಫಳಫಳ ಹೊಳೆಯುವ ಅಗ್ಗದ ಚಿನ್ನದ ಬಣ್ಣ ಬೆವರಿಗೆ ಬೇಗ ಸವೆಯುತ್ತದೆ. ಮಂಗಳೂರು, ಕಾರವಾರದ ಕಡೆಯ ಸೆಕೆಗೆ ಇನ್ನೂ ಬೇಗ. ಚಿನ್ನದ ಬಣ್ಣವೇ ಬೇಕು ಅಂದರೆ ಟೈಟಾನಿಯಂ ನೈಟ್ರೈಡ್ ಲೇಪನದ್ದು ಕೇಳಿ. ಬೇಡ ಅಂದರೆ ಕ್ರೋಮ್ ತಗೊಳ್ಳಿ. ಮರಕ್ಕೆ ಕಮ್ಮಿ ಖರ್ಚು ಮಾಡಿ ಲೇಪನಕ್ಕೆ ಜಾಸ್ತಿ ಕೊಡಿ ಅಂತಲೇ ನಾನು ಹೇಳುವುದು. ಯಾಕೆ ಅಂದರೆ, ಒಳ್ಳೆಯ ಮರ ನಮ್ಮಲ್ಲಿ ಹೆಚ್ಚುಕಡಿಮೆ ಪುಕ್ಕಟೆ ಸಿಗುತ್ತದೆ.

ಮರ: ಬೀಟೆಯ ಹಿಂದೆಯೇ ಓಡಬೇಡಿ

ಒಂದು ಪೆನ್ನಿಗೆ ಬೇಕಾದ ಮರ ಎಷ್ಟು? ಮುಕ್ಕಾಲು ಇಂಚು ಚೌಕ, ಐದು ಇಂಚು ಉದ್ದ. ಅಷ್ಟೇ. ಮರಗೆಲಸದ ಅಂಗಡಿಯಲ್ಲಿ ಒಲೆಗೆ ಹೋಗುವ ಚೂರು ಇದಕ್ಕಿಂತ ದೊಡ್ಡದಿರುತ್ತದೆ. "ಅಣ್ಣಾ, ಬೀಟೆದೋ ಹೊನ್ನೆದೋ ಚೂರುಪಾರು ಇದ್ರೆ ತೆಗೆದಿಡಿ" ಅಂತ ಪರಿಚಯದ ಬಡಗಿಗೆ ಹೇಳಿಟ್ಟರೆ ವರ್ಷಕ್ಕಾಗುವಷ್ಟು ಸೇರುತ್ತದೆ. ಹಳೇ ಮನೆ ಕೆಡವಿದ ಕಡೆ ಸಿಗುವ ಕಿಟಕಿ ಚೌಕಟ್ಟು, ಮುರಿದ ಮಂಚದ ಕಾಲು ಇನ್ನೂ ಒಳ್ಳೆಯದು. ಐವತ್ತು ವರ್ಷ ಒಣಗಿದ ಮರ ಅದು. ಮೊಳೆ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಬೀಟೆ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಕಪ್ಪು ನೇರಳೆ ಎಳೆ, ಉಳಿಗೆ ಒಗ್ಗುವ ಗುಣ, ಕೈಗೆ ಸಿಗುವ ತೂಕ. ಆದರೆ ಇದು ಎಣ್ಣೆಯಂಶದ ಮರ. ಅಂಟಿಸುವ ಮೊದಲು, ಪಾಲಿಶ್ ಮಾಡುವ ಮೊದಲು ಅಸಿಟೋನ್‌ನಲ್ಲಿ ಒರೆಸದಿದ್ದರೆ ಅಂಟು ಹಿಡಿಯದೆ ಕೈಕೊಡಬಹುದು. ಇದರ ಪುಡಿ ಕೆಲವರಿಗೆ ತುರಿಕೆ ತರುತ್ತದೆ. ಕಾನೂನಿನ ಕಡೆಯೂ ಒಂದು ಕಣ್ಣು ಇರಲಿ. ಬೀಟೆ ಸೇರುವ ಡಾಲ್ಬರ್ಜಿಯಾ ಜಾತಿಯ ಮರಗಳು ಹೆಚ್ಚುಕಡಿಮೆ ಎಲ್ಲವೂ 2017ರಿಂದ ಸೈಟೀಸ್ ಅನ್ನುವ, ಅಪಾಯದಲ್ಲಿರುವ ಗಿಡ ಪ್ರಾಣಿಗಳ ಹೊರದೇಶದ ವ್ಯಾಪಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. ಊರಲ್ಲೇ ಕೊಡುವ ಪೆನ್ನಿಗೆ ಬಿಲ್ ಇರುವ ಮರ ಬಳಸಿದರೆ ಸಾಕು. ಹೊರದೇಶಕ್ಕೆ ಪಾರ್ಸೆಲ್ ಮಾಡಿ ಮಾರುವ ಯೋಚನೆ ಇದ್ದರೆ ಮೊದಲು ನಿಯಮ ವಿಚಾರಿಸಿ. ಅಥವಾ ಬೇರೆ ಮರ ಹಿಡಿಯಿರಿ. ನಾನಾದರೆ ಎರಡನೆಯದನ್ನೇ ಮಾಡುತ್ತೇನೆ.

ಆ ಬೇರೆ ಮರ ಯಾವುದು? ಬಳ್ಳಾರಿ ಜಾಲಿ. ನಗಬೇಡಿ. ಕೆರೆ ಅಂಗಳ, ಬೇಲಿ, ಬೀಳು ಎಲ್ಲ ಕಡೆ ನುಗ್ಗಿ ರೈತರ ಬಾಯಲ್ಲಿ ಬೈಸಿಕೊಳ್ಳುವ ಅದೇ ಮುಳ್ಳುಮರ. ಇದರ ಹತ್ತಿರದ ನೆಂಟ ಮೆಸ್ಕೀಟ್ ಅಮೆರಿಕದ ಟೆಕ್ಸಾಸ್ ಕಡೆ ಕಡೆತದವರ ಅಚ್ಚುಮೆಚ್ಚು. ಅವರು ದುಡ್ಡು ಕೊಟ್ಟು ಕೊಳ್ಳುವುದನ್ನು ನಾವು ಇದ್ದಿಲು ಮಾಡುತ್ತೇವೆ. ದಪ್ಪ ಬೊಡ್ಡೆ ಸಿಕ್ಕರೆ ಸೀಳಿ ನೋಡಿ. ಹೊರಗೆ ತಿಳಿ ಹಳದಿ, ಒಳಗಿನ ಚೇಗು ಕೆಂಪುಗಂದು. ಗಟ್ಟಿ ಮರ, ನುಣುಪಾಗಿ ಬರುತ್ತದೆ. ಎಲ್ಲಕ್ಕಿಂತ ದೊಡ್ಡ ಗುಣ ಅಂದರೆ ಒಣಗುವಾಗ ಕುಗ್ಗುವುದು ಕಡಿಮೆ. ಪೆನ್ನಿಗೆ ಇದೇ ಮುಖ್ಯ. ಒಳಗಿನ ಹಿತ್ತಾಳೆ ಕುಗ್ಗುವುದಿಲ್ಲ, ಮೇಲಿನ ತೆಳು ಮರ ಕುಗ್ಗಿದರೆ ಸೀಳುತ್ತದೆ. ಮಾಡಿಕೊಟ್ಟು ಮೂರು ತಿಂಗಳಾದ ಮೇಲೆ "ಪೆನ್ನು ಬಿರುಕು ಬಿಟ್ಟಿದೆ" ಅಂತ ಬರುವ ದೂರುಗಳ ಮೂಲ ಹೆಚ್ಚಾಗಿ ಇದೇ: ಸರಿಯಾಗಿ ಒಣಗದ ಮರ.

ಒಣಗಿದೆಯಾ ಅಂತ ತಿಳಿಯಲು ಮೀಟರ್ ಬೇಕಾಗಿಲ್ಲ. ಹಸಿ ಮರವನ್ನು ಮೊದಲೇ ಇಂಚು ದಪ್ಪದ ತುಂಡು ಮಾಡಿ, ಎರಡೂ ತುದಿಗೆ ಮೇಣ ಹಚ್ಚಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಇಡಿ. ಪ್ರತಿ ತುಂಡಿನ ಮೇಲೂ ತಾರೀಕು ಮತ್ತು ತೂಕ ಬರೆಯಿರಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ತಿಂಗಳಿಗೊಮ್ಮೆ ತೂಗಿ. ತೂಕ ಇಳಿಯುವುದು ನಿಂತಾಗ ಮರ ಒಣಗಿದೆ ಅಂತ ಅರ್ಥ. ಮಳೆಗಾಲದಲ್ಲಿ ಮಲೆನಾಡಿನವರಿಗೆ ತೂಕ ಮತ್ತೆ ಸ್ವಲ್ಪ ಏರುತ್ತದೆ, ಗಾಬರಿ ಬೇಡ.

ಹುಣಸೆಯನ್ನೂ ಬಿಡಬೇಡಿ. ಹೊರಭಾಗ ಬೆಣ್ಣೆ ಬಣ್ಣ, ಹಳೇ ಮರದ ನಡುವೆ ಕಪ್ಪು ನೇರಳೆ ಚೇಗು. ಬಿದ್ದ ಬೊಡ್ಡೆ ಮಳೆಯಲ್ಲಿ ನೆನೆದು ಶಿಲೀಂಧ್ರ ಹಿಡಿದರೆ ಮರದ ತುಂಬ ಕಪ್ಪು ಗೆರೆಗಳು ಮೂಡುತ್ತವೆ, ಯಾರೋ ನಕ್ಷೆ ಬರೆದ ಹಾಗೆ. ಅಂಥ ಹುಣಸೆಗೆ ಹೊರದೇಶದ ಕಡೆತದವರು ಒಳ್ಳೆ ಬೆಲೆ ಕೊಡುತ್ತಾರೆ. ಉಗುರಿನಿಂದ ಒತ್ತಿ ನೋಡಿ. ಗುಳಿ ಬಿದ್ದರೆ ಕೊಳೆತಿದೆ, ಬಿಡಿ. ಬೀಳದಿದ್ದರೆ ತೆಳು ಫೆವಿಕ್ವಿಕ್ ಕುಡಿಸಿ ಗಟ್ಟಿ ಮಾಡಿಕೊಂಡು ಕಡೆಯಬಹುದು. ರಸ್ತೆ ಬದಿಯ ಹುಣಸೆಗೆ ಮಾತ್ರ ಕೈ ಹಾಕಬೇಡಿ, ಅದು ಸರ್ಕಾರದ ಸ್ವತ್ತು.

ಕೊಡಗು, ಚಿಕ್ಕಮಗಳೂರಿನವರಿಗೆ ತೋಟದಲ್ಲೇ ಎರಡು ಮರ ಇವೆ. ಒಂದು ಸಿಲ್ವರ್ ಓಕ್. ಅದನ್ನು ಪ್ಯಾಕಿಂಗ್ ಪೆಟ್ಟಿಗೆಯ ಮರ ಅಂತ ತಾತ್ಸಾರ ಮಾಡುತ್ತಾರೆ. ತಿರುಳಿನಿಂದ ತೊಗಟೆಯ ಕಡೆಗೆ ನೇರವಾಗಿ ಸೀಳಿದರೆ ಲೇಸ್ ಹೆಣೆದಂಥ ಚುಕ್ಕೆಗಳು ಕಾಣುತ್ತವೆ. ಪುಡಿ ಚರ್ಮಕ್ಕೆ ಆಗದು, ತೋಳು ಮುಚ್ಚಿಕೊಳ್ಳಿ. ಇನ್ನೊಂದು ಕಾಫಿ ಗಿಡವೇ. ಹಳೇ ಗಿಡ ಕಿತ್ತು ಹೊಸದು ನೆಡುವಾಗ ಸಿಗುವ ಬೊಡ್ಡೆ ತಿಳಿಬಣ್ಣದ, ಒತ್ತಾದ ಮರ. ನೋಡಲು ಅಂಥ ವಿಶೇಷ ಏನಿಲ್ಲ. ಆದರೆ ಸ್ವಂತ ತೋಟದ ಕಾಫಿ ಗಿಡದ ಪೆನ್ನು ಅಂದರೆ ಆ ಮನೆಯವರಿಗೆ ಬೀಟೆಗಿಂತ ದೊಡ್ಡದು, ಅಲ್ವಾ?

ಹೊನ್ನೆ ಬಂಗಾರದ ಕಂದು. ಸಕ್ಕರೆ ಕಾಯಿಲೆಯವರು ನೀರು ಕುಡಿಯಲು ಅಂತ ಲೋಟ ಮಾಡಿಸುವ ಮರ ಇದೇ. ಆ ಲೋಟದ ನೀರಿಗೆ ಬಣ್ಣ ಬರುವುದನ್ನು ನೋಡಿರುತ್ತೀರಿ. ಪೆನ್ನಿನಲ್ಲೂ ಅದೇ ತೊಂದರೆ, ಒದ್ದೆಯಾದರೆ ಬಣ್ಣ ಬಿಡುತ್ತದೆ. ರಕ್ತಚಂದನದ ಕೆಂಪು ಸ್ಪಿರಿಟ್‌ನಲ್ಲಿ ಇನ್ನೂ ಜೋರಾಗಿ ಕರಗುತ್ತದೆ. ಬಿಳಿ ಮರದ ಪಕ್ಕ ರಕ್ತಚಂದನ ಅಂಟಿಸಿ, ಮೇಲೆ ಸ್ಪಿರಿಟ್ ಪಾಲಿಶ್ ಒರೆಸಿದರೆ ಬಿಳಿಯೆಲ್ಲ ಗುಲಾಬಿಯಾಗುತ್ತದೆ. ರಕ್ತಚಂದನಕ್ಕೂ ಸೈಟೀಸ್ ಕಟ್ಟುಪಾಡು ಇದೆ. ಕಾಗದಪತ್ರ ಇಲ್ಲದ ಚೂರನ್ನು ಯಾರಾದರೂ ಸುಮ್ನೆ ಕೊಟ್ಟರೂ ಬೇಡ.

ತೇಗ ಬಾಗಿಲಿಗೆ ಸರಿ, ಪೆನ್ನಿಗೆ ಅಷ್ಟಕ್ಕಷ್ಟೇ. ಎಳೆ ಒರಟು, ರಂಧ್ರ ದೊಡ್ಡದು. ಮರದೊಳಗಿನ ಮರಳಿನಂಥ ಸಿಲಿಕಾ ಉಳಿಯ ಬಾಯನ್ನು ತಿನ್ನುತ್ತದೆ. ಹಲಸು ಅದಕ್ಕಿಂತ ವಾಸಿ. ಹೊಸದರಲ್ಲಿ ಅರಿಶಿನ ಬಣ್ಣ, ವರ್ಷ ಕಳೆದಂತೆ ವೀಣೆಯ ಕೊಡದ ಕಂದು ಬಣ್ಣಕ್ಕೆ ತಿರುಗುತ್ತದೆ. ಶ್ರೀಗಂಧವನ್ನು ಬಿಲ್ ಸಹಿತ ಕೊಂಡು ಕಡೆಯುವವರಿಗೆ ಒಂದೇ ಕಿವಿಮಾತು. ಮೇಲೆ ಗಟ್ಟಿ ಪಾಲಿಶ್ ಹಾಕಬೇಡಿ. ಪರಿಮಳ ಒಳಗೇ ಸಿಕ್ಕಿಕೊಳ್ಳುತ್ತದೆ, ಆಮೇಲೆ ಅದು ಗಂಧವೋ ಬೇವೋ ಯಾರಿಗೂ ತಿಳಿಯದು. ಜೇನುಮೇಣ ಸಾಕು.

ಲೇತ್

ಮೂರು ದಾರಿ ಇವೆ. ಆನ್‌ಲೈನ್‌ನಲ್ಲಿ ಸಿಗುವ ಮಣಿ ಕಡೆಯುವ ಪುಟ್ಟ ಲೇತ್ ಮೊದಲನೆಯದು. 24 ವೋಲ್ಟ್ ಮೋಟರ್, ಮೇಜಿನ ಮೇಲೆ ಕೂರುತ್ತದೆ. ಹಗುರ ಮರಕ್ಕೆ ಆದೀತು. ಉಳಿ ಸ್ವಲ್ಪ ಒತ್ತಿದರೆ ನಿಂತುಬಿಡುತ್ತದೆ. ತೂತು ಕೊರೆಯುವುದಂತೂ ಆಗದ ಮಾತು, ಅದಕ್ಕೆ ಬೇರೆ ಡ್ರಿಲ್ ಸ್ಟ್ಯಾಂಡ್ ಬೇಕು. ಎರಡನೆಯದು ಊರಿನ ವರ್ಕ್‌ಶಾಪ್‌ನಲ್ಲಿ ಹೇಳಿ ಮಾಡಿಸಿದ್ದು. ಅರ್ಧ ಎಚ್‌ಪಿ ಮೋಟರ್, ಬೆಲ್ಟು, ಕಬ್ಬಿಣದ ಚಾನಲ್. ಭಾರ ಇರುವುದರಿಂದ ಅಲುಗುವುದಿಲ್ಲ, ರಿಪೇರಿಯೂ ಊರಲ್ಲೇ. ತೊಡಕು ಏನೆಂದರೆ ಎರಡು ತುದಿಯ ಮೊನೆಗಳು ಒಂದಕ್ಕೊಂದು ನೇರ ಬರುವುದು ಮಾಡುವವರ ಕೈಗುಣ. ಟೇಬಲ್ ಕಾಲಿಗೆ ಒಂದೆರಡು ಎಂಎಂ ಲೆಕ್ಕಕ್ಕಿಲ್ಲ, ಪೆನ್ನಿಗೆ ಅರ್ಧ ಎಂಎಂ ಕೂಡ ಜಾಸ್ತಿಯೇ. ಮೂರನೆಯದು ಕಾರ್ಖಾನೆಯ ಮಿನಿ ಲೇತ್. ದುಡ್ಡು ಇದ್ದರೆ ಇದೇ. ಕೊಳ್ಳುವಾಗ ಎರಡು ವಿಷಯ ಕೇಳಿ. ಎರಡೂ ಕಡೆ ಮೋರ್ಸ್ ಟೇಪರ್ 2 (ಮೊನೆ ಕೂರಿಸುವ ಓರೆ ತೂತಿನ ಒಂದು ಅಳತೆ) ಇದೆಯಾ? ವೇಗ ಹೆಚ್ಚುಕಮ್ಮಿ ಮಾಡಲು ಗುಬುಟು ಇದೆಯಾ? ಕೊರೆಯಲು ನಿಮಿಷಕ್ಕೆ 500ರ ಆಸುಪಾಸು, ಕಡೆಯಲು 2,000ಕ್ಕೂ ಮೇಲೆ ಸುತ್ತು ಬೇಕಾಗುತ್ತದೆ. ಪ್ರತಿ ಸಲ ಬೆಲ್ಟು ಬದಲಿಸುವುದು ಬೇಸರ.

ಉಳಿಗಳಲ್ಲಿ ಕಾರ್ಬೈಡ್ ತುದಿಯದ್ದು ಹೊಸಬರಿಗೆ ಸುಲಭ, ಸಾಣೆ ಹಿಡಿಯುವ ಕೆಲಸ ಇಲ್ಲ. ಮೊಂಡಾದರೆ ತುದಿಯನ್ನು ತಿರುಗಿಸಿಕೊಳ್ಳುವುದು. ಓರೆಬಾಯಿಯ ಸ್ಕ್ಯೂ ಉಳಿ ಕಲಿಯಲು ಕಷ್ಟ, ಕಲಿತರೆ ಉಪ್ಪುಕಾಗದದ ಕೆಲಸ ಅರ್ಧ ಕಮ್ಮಿಯಾಗುತ್ತದೆ. ಶುರುವಿಗೆ ಮೊದಲನೆಯದು ಸಾಕು.

ಮ್ಯಾಂಡ್ರೆಲ್ಲೋ, ಎರಡು ಮೊನೆಗಳ ನಡುವೆಯೋ?

ಈ ಆಯ್ಕೆಗೆ ಹೆಚ್ಚಿನವರು ಗಮನ ಕೊಡುವುದಿಲ್ಲ. ಪೆನ್ನಿನ ಗುಣಮಟ್ಟ ಇಲ್ಲೇ ನಿರ್ಧಾರವಾಗುವುದು.

ಮ್ಯಾಂಡ್ರೆಲ್ ಅಂದರೆ ತೆಳು ಉಕ್ಕಿನ ಕಡ್ಡಿ. ಅದಕ್ಕೆ ಬುಶ್, ಮರ, ಬುಶ್, ಮರ ಅಂತ ಪೋಣಿಸಿ ತುದಿಯಲ್ಲಿ ನಟ್ಟು ಬಿಗಿದು ಕಡೆಯುತ್ತಾರೆ. ಎರಡು ತುಂಡನ್ನೂ ಒಟ್ಟಿಗೇ ಕಡೆಯಬಹುದು. ತೊಂದರೆ ಏನೆಂದರೆ ಕಡ್ಡಿ ಬಾಗುತ್ತದೆ. ನಟ್ಟು ಜಾಸ್ತಿ ಬಿಗಿದರೂ ಬಾಗುತ್ತದೆ, ಹಿಂದಿನ ಮೊನೆಯನ್ನು ಜೋರಾಗಿ ಒತ್ತಿದರೂ ಬಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಕಡೆದಾದ ಮೇಲೆ ಮರ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆಗಿರುತ್ತದೆ. ಕಿಟ್ ಜೋಡಿಸಿ ಮರ ಮತ್ತು ಲೋಹ ಸೇರುವ ಜಾಗದಲ್ಲಿ ಉಗುರು ಆಡಿಸಿ ನೋಡಿ. ಒಂದು ಬದಿಯಲ್ಲಿ ಉಗುರು ಸಲೀಸಾಗಿ ದಾಟುತ್ತದೆ, ಪೆನ್ನನ್ನು ಅರ್ಧ ಸುತ್ತು ತಿರುಗಿಸಿದರೆ ಅದೇ ಉಗುರು ಮೆಟ್ಟಿಲಿಗೆ ತಗಲುತ್ತದೆ. ಅಂಗಡಿಯ ಪೆನ್ನಿಗೂ ಮನೆಯ ಪೆನ್ನಿಗೂ ಇರುವ ವ್ಯತ್ಯಾಸ ಬಹಳ ಸಲ ಇದೊಂದೇ.

ಇನ್ನೊಂದು ವಿಧಾನದಲ್ಲಿ ಕಡ್ಡಿಯೇ ಇಲ್ಲ. ಮುಂದೆ 60 ಡಿಗ್ರಿಯ ಗಟ್ಟಿ ಮೊನೆ, ಹಿಂದೆ 60 ಡಿಗ್ರಿಯ ತಿರುಗುವ ಮೊನೆ, ನಡುವೆ ಬುಶ್ಶುಗಳ ಸಮೇತ ಒಂದೇ ತುಂಡು. ಬಾಗಲು ಏನೂ ಇಲ್ಲ, ಹಾಗಾಗಿ ಗುಂಡಗೆ ಬರುತ್ತದೆ. ಒಂದೊಂದೇ ತುಂಡು ಕಡೆಯಬೇಕು, ಸ್ವಲ್ಪ ಹೊತ್ತು ಜಾಸ್ತಿ. ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯುತ್ತಾ ಹೋಗಬೇಕು. ಲೇತ್ ಜೊತೆ ಬರುವ ಮೊನೆ 60 ಡಿಗ್ರಿಯದ್ದೇ ಅಂತ ನಂಬಿಕೊಳ್ಳಬೇಡಿ. ಮರದ ಲೇತ್‌ಗಳಲ್ಲಿ ಬೇರೆ ಕೋನದ್ದೂ ಇರುತ್ತದೆ, ಅದು ಬುಶ್ಶಿನ ಬಾಯಿಯನ್ನು ಹಾಳು ಮಾಡುತ್ತದೆ. ಸಿಯೆರಾ ಕಿಟ್ ಆರಿಸಿಕೊಂಡವರು ನೇರವಾಗಿ ಇದನ್ನೇ ಕಲಿಯಲಿ. ಒಂದೇ ತುಂಡು ಇರುವಾಗ ಮ್ಯಾಂಡ್ರೆಲ್‌ನಿಂದ ಯಾವ ಲಾಭವೂ ಇಲ್ಲ. ದುಡ್ಡೂ ಉಳಿಯುತ್ತದೆ.

ಅಂಟು

ಫೆವಿಕ್ವಿಕ್ಕೋ, ಅರಾಲ್ಡೈಟೋ? ಟ್ಯೂಬು ಅಂಟಿಸಲು ನನ್ನ ಓಟು ಅರಾಲ್ಡೈಟ್‌ಗೆ, ಅದರಲ್ಲೂ ರಾತ್ರಿಯಿಡೀ ಒಣಗುವ ಮಾಮೂಲಿಗೆ. ಫೆವಿಕ್ವಿಕ್ ಹಚ್ಚಿದ ಟ್ಯೂಬು ಅರ್ಧ ದಾರಿಯಲ್ಲಿ ಹಿಡಿದುಬಿಟ್ಟರೆ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಒಣಗಿದ ಮೇಲೆ ಅದು ಪೆಡಸು. ಅರಾಲ್ಡೈಟ್‌ನಂಥ ಎಪಾಕ್ಸಿ ಅಂಟು ಸ್ವಲ್ಪ ಬಗ್ಗುತ್ತದೆ, ಹವೆ ಬದಲಾದಾಗ ಮರ ಆಡುವುದಕ್ಕೆ ಅಷ್ಟಾದರೂ ಎಡೆ ಇರುತ್ತದೆ. ಹಚ್ಚುವ ಮೊದಲು ಹಿತ್ತಾಳೆಯನ್ನು ಉಪ್ಪುಕಾಗದದಿಂದ ಒರಟು ಮಾಡಿ. ಟ್ಯೂಬನ್ನು ತಿರುಗಿಸುತ್ತಾ ಒಳಗೆ ತಳ್ಳಿ.

ಪಾಲಿಶ್: ಕೈಗೆ ತಾಗುವುದು ಇದೇ

ಸ್ಪಿರಿಟ್‌ನಲ್ಲಿ ಶೆಲ್ಯಾಕ್ (ಶುದ್ಧ ಮಾಡಿದ ಅರಗು) ಕರಗಿಸಿ, ಜೊತೆಗೆ ಮೇಣ ಇಲ್ಲವೇ ಎಣ್ಣೆ ಸೇರಿಸಿ ತಿರುಗುವ ಮರಕ್ಕೆ ಬಟ್ಟೆಯಲ್ಲಿ ಒತ್ತುವುದು ಫ್ರಿಕ್ಷನ್ ಪಾಲಿಶ್. ಎರಡೇ ನಿಮಿಷದ ಕೆಲಸ. ತಕ್ಷಣ ಕನ್ನಡಿ ಹೊಳಪು, ಎಳೆಯೆಲ್ಲ ಎದ್ದು ಕಾಣುತ್ತದೆ. ಮಾಡಿದವರಿಗೆ ಖುಷಿಯೋ ಖುಷಿ. ಆದರೆ ದಿನಾ ಬಳಸುವ ಪೆನ್ನಿಗೆ ಇದು ನಿಲ್ಲುವುದಿಲ್ಲ. ಬೆವರಿಗೆ ಮಂಕಾಗುತ್ತದೆ. ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚಿದ್ದು ಸ್ಪಿರಿಟ್‌ಗೆ ಕರಗದೇ ಇರುತ್ತದಾ? ಸ್ಯಾನಿಟೈಸರ್ ಹಾಕಿದ ಕೈಯಲ್ಲಿ ಹಿಡಿದರೆ ಅಂಟಂಟು. ಡಾಕ್ಟರಿಗೆ, ನರ್ಸಿಗೆ ಕೊಡುವ ಪೆನ್ನಾದರೆ ಇದರ ಸಹವಾಸವೇ ಬೇಡ.

ಅವರಿಗೆ ಸಿಎ (ಸಯನೋಅಕ್ರಿಲೇಟ್) ಪಾಲಿಶ್. ಫೆವಿಕ್ವಿಕ್ ಜಾತಿಯ ಅಂಟನ್ನೇ ತೆಳುವಾಗಿ, ಪದರದ ಮೇಲೆ ಪದರ ಹಚ್ಚಿ, ಆಮೇಲೆ ನೀರು ಹಾಕಿ ಮೈಕ್ರೋಮೆಶ್ ಅನ್ನುವ ಬಲು ನಯವಾದ ಉಪ್ಪುಕಾಗದದಲ್ಲಿ 1,500ನೇ ನಂಬರಿನಿಂದ 12,000ದವರೆಗೆ ಉಜ್ಜುವುದು. ಇದರಷ್ಟು ಬಾಳಿಕೆ ಬರುವ ಪಾಲಿಶ್ ಪೆನ್ನಿಗೆ ಇನ್ನೊಂದಿಲ್ಲ. ಬೆವರು, ನೀರು, ಸ್ಯಾನಿಟೈಸರ್ ಯಾವುದಕ್ಕೂ ಜಗ್ಗದು. ಆದರೆ ಮುಟ್ಟಿದಾಗ ಮರ ಅನ್ನಿಸುವುದಿಲ್ಲ, ಗಾಜು ಮುಟ್ಟಿದ ಹಾಗಿರುತ್ತದೆ. ಕೆಲವರಿಗೆ ಅದೇ ಇಷ್ಟ. ಹಚ್ಚುವಾಗಿನ ಹೊಗೆ ಕಣ್ಣು ಮೂಗು ಉರಿಸುತ್ತದೆ, ಫ್ಯಾನ್ ಹಿಂದಿನಿಂದ ಬೀಸುವಂತಿರಲಿ. ಕರಾವಳಿಯವರಿಗೆ ಇನ್ನೊಂದು ತಲೆನೋವು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅಂಟು ಬೇಗ ಸೆಟ್ ಆಗಿ ಮೇಲೆ ಬಿಳಿ ಮಬ್ಬು ಕೂರುತ್ತದೆ. ಜೂನ್, ಜುಲೈನಲ್ಲಿ ಉಡುಪಿಯಲ್ಲಿ ಕೂತು ಸಿಎ ಹಚ್ಚುವುದಕ್ಕಿಂತ ಆ ಎರಡು ತಿಂಗಳು ಮರ ಕೊಯ್ದು, ಕೊರೆದು ಇಟ್ಟುಕೊಳ್ಳುವುದು ಜಾಣತನ. ಬುಶ್ಶಿಗೂ ಅಂಟು ಹಿಡಿದುಕೊಳ್ಳುತ್ತದೆ. ಎಳೆದು ಬಿಡಿಸಿದರೆ ಪದರ ಎದ್ದು ಬರುತ್ತದೆ. ಪಾಲಿಶ್ ಹೊತ್ತಿಗೆ ಉಕ್ಕಿನ ಬುಶ್ ತೆಗೆದು ಪ್ಲಾಸ್ಟಿಕ್ ಕೋನ್ ಹಾಕಿಕೊಳ್ಳಿ, ಅದಕ್ಕೆ ಸಿಎ ಹಿಡಿಯುವುದಿಲ್ಲ.

ಮೂರನೆಯದು ನಮ್ಮದೇ, ಚನ್ನಪಟ್ಟಣದ ಅರಗು. ಬೊಂಬೆಯವರ ಕೈಯಲ್ಲಿ ನೋಡಿದ್ದೀರಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಬ್ರಷ್ಷೂ ಇಲ್ಲ, ಸ್ಪಿರಿಟ್ಟೂ ಇಲ್ಲ. ಮೊದಮೊದಲು ಉಂಗುರ ಉಂಗುರವಾಗಿ, ಉಬ್ಬುತಗ್ಗಾಗಿ ಕೂರುತ್ತದೆ. ಆಮೇಲೆ ಕೇದಿಗೆಯ ಒಣ ಗರಿಯನ್ನು ಮಡಿಚಿ ಅದರ ಮೇಲೆ ಒತ್ತಿದರೆ ಅರಗು ಮತ್ತೆ ಮೆತ್ತಗಾಗಿ, ಸರಿದು, ಸಮವಾಗಿ ಹೊಳೆಯತೊಡಗುತ್ತದೆ. ಆ ಗರಿಯನ್ನು ಎಷ್ಟು ಒತ್ತಬೇಕು ಅನ್ನುವುದೇ ಕಸುಬು. ಕಮ್ಮಿಯಾದರೆ ಹೊಳಪಿಲ್ಲ, ಜಾಸ್ತಿಯಾದರೆ ಅರಗು ಕಿತ್ತು ಬರುತ್ತದೆ. ಅಲ್ಲಿಯವರು ಬೊಂಬೆಗೆ ಬಳಸುವುದು ಆಲೆ ಮರ. ದಂತದ ಬಣ್ಣ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರ. ಹಾಗಾಗಿ ಬಣ್ಣ ಸ್ವಚ್ಛವಾಗಿ ಮೂಡುತ್ತದೆ. ಅರಗಿನ ಪೆನ್ನು ಬೇಕೆಂದರೆ ಆಲೆಯನ್ನೇ ಹಿಡಿಯಿರಿ. ಬೀಟೆಗೆ ಬಣ್ಣದ ಅರಗು ಬಳಿದರೆ ಬೀಟೆ ಯಾಕೆ ಬೇಕಿತ್ತು?

ಬಾಳಿಕೆಯಲ್ಲಿ ಅರಗು ಫ್ರಿಕ್ಷನ್ ಪಾಲಿಶ್‌ಗಿಂತ ಮೇಲು, ಸಿಎಗಿಂತ ಕೆಳಗೆ. ಪದರ ದಪ್ಪ ಇರುವುದರಿಂದ ಕೈ ಬೆವರಿಗೆ ಅಷ್ಟು ಬೇಗ ಮಣಿಯದು. ಮೂಲ ವಸ್ತು ಶೆಲ್ಯಾಕ್‌ನದೇ ಆದ್ದರಿಂದ ಸ್ಪಿರಿಟ್‌ಗೆ ಇದೂ ಆಗದು. ಬಿಸಿಗೂ ಆಗದು. ಏಪ್ರಿಲ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಮೆತ್ತಗಾಗಿ ಬೆರಳಚ್ಚು ಮೂಡಬಹುದು. ಆದರೆ ರಿಪೇರಿ ಸುಲಭ. ಪೆನ್ನು ಬಿಚ್ಚಿ, ಮತ್ತೆ ಲೇತ್‌ಗೆ ಹಾಕಿ, ಕಡ್ಡಿ ಒತ್ತಿ, ಗರಿ ಹಿಡಿದರೆ ಆಯಿತು. ಸಿಎ ಪದರ ಬಿರುಕು ಬಿಟ್ಟರೆ ಎಲ್ಲ ಹೆರೆದು ಮೊದಲಿನಿಂದ ಶುರು.

ಬರೀ ಎಣ್ಣೆ ಮತ್ತು ಜೇನುಮೇಣ ಹಚ್ಚಿದ ಪೆನ್ನು ಮಂಕು, ಆದರೆ ಮುಟ್ಟಲು ಅಪ್ಪಟ ಮರ. ಬಳ್ಳಾರಿ ಜಾಲಿ, ಬೀಟೆಯಂಥ ಗಟ್ಟಿ ಮರಕ್ಕೆ ಒಪ್ಪುತ್ತದೆ. ಆಲೆ, ಕಾಫಿಯಂಥ ತಿಳಿಬಣ್ಣದ ಮರ ಕೈಕೊಳೆ ಹಿಡಿದು ಕಪ್ಪಾಗುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುತ್ತಾ ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಹರವಿ.

ಯಾವ ಪಾಲಿಶ್ ಆದರೂ ಕೊನೆಯ ಉಪ್ಪುಕಾಗದವನ್ನು ಲೇತ್ ನಿಲ್ಲಿಸಿ, ಎಳೆಯ ಉದ್ದಕ್ಕೆ ಉಜ್ಜಿ. ತಿರುಗುವಾಗ ಮಾತ್ರ ಉಜ್ಜಿದರೆ ಸುತ್ತಲೂ ಉಂಗುರದ ಗೀರು ಉಳಿಯುತ್ತದೆ, ಹೊಳಪು ಬಂದಷ್ಟೂ ಎದ್ದು ಕಾಣುತ್ತದೆ.

ಕಿಟ್ ಇಲ್ಲದೆ?

ಕೆಲವು ಪೆನ್ನು ಮಾಡಿದ ಮೇಲೆ ಎಲ್ಲರಿಗೂ ಬರುವ ಆಸೆ ಇದು. ಲೋಹದ ಕಿಟ್ಟೇ ಇಲ್ಲದೆ ಕ್ಯಾಪು, ಮೈ, ತಿರುಪು ಎಲ್ಲ ಸ್ವಂತದ್ದು, ನಿಬ್ಬು ಮಾತ್ರ ಜರ್ಮನಿಯ ಯೋವೋ ಅಥವಾ ಬಾಕ್ ಕಂಪನಿಯದು. ಚೆಂದವೇ. ಆದರೆ ತಿರುಪು ಹಾಕುವ ಟ್ಯಾಪು ಮತ್ತು ಡೈಗಳ ಖರ್ಚು ಕಿಟ್ ಕೊಳ್ಳುವ ಖರ್ಚಿನ ಹಲವು ಪಟ್ಟು. ಬರೀ ಮರಕ್ಕೆ ಸಣ್ಣ ತಿರುಪು ನಿಲ್ಲುವುದಿಲ್ಲ, ಎಳೆ ಉದುರುತ್ತದೆ. ಇಂಕು ತಾಗಿದರೆ ಮರ ಹೀರಿಕೊಳ್ಳುತ್ತದೆ. ಹಾಗಾಗಿ ಒಳಗೆ ಎಬೊನೈಟ್ (ಗಟ್ಟಿ ಮಾಡಿದ ರಬ್ಬರ್) ಕೊಳವೆ ಕೂರಿಸಿ, ಬೆರಳು ಹಿಡಿಯುವ ಭಾಗವನ್ನೂ ಎಬೊನೈಟ್‌ನಲ್ಲೇ ಮಾಡುತ್ತಾರೆ. ಆಂಧ್ರದ ರಾಜಮಹೇಂದ್ರಿಯ ರತ್ನಂ ಪೆನ್ನಿನವರು ಸ್ವಾತಂತ್ರ್ಯಕ್ಕೂ ಮುಂಚಿನಿಂದ ಕಡೆಯುತ್ತಾ ಬಂದಿರುವುದು ಇದೇ ಎಬೊನೈಟ್ ಸರಳನ್ನು. ಈ ದಾರಿ ಹಿಡಿಯುವವರು ಮೊದಲು ಮರ ಬದಿಗಿಟ್ಟು ಒಂದು ಎಬೊನೈಟ್ ಸರಳು ತಂದು ತಿರುಪು ಹಾಕಿ ಕಲಿಯಲಿ. ಕ್ಯಾಪ್ ಎರಡು ಸುತ್ತಿಗೆ ಗಟ್ಟಿಯಾಗಿ ಕೂತು, ತಲೆಕೆಳಗಾಗಿ ಜೇಬಲ್ಲಿಟ್ಟರೂ ಇಂಕು ಸೋರದಿದ್ದರೆ ಆಗ ಹುಣಸೆಯ ತುಂಡಿಗೆ ಕೈ ಹಾಕಬಹುದು.